ಸೊನ್ನೆಯಲ್ಲ, ಗೀಟು

ಮಂಡಿನೋವಿಗೆ ನಡಿಗೆಯೇ ಮದ್ದು ಎಂದರು ಡಾಕ್ಟರು.
ಸುಮ್ಮನೆ ನಡೆಯಲು ನಾಚಿಕೆಯಾಗಿ
ಒಂದು ದುರ್ಬೀನು ಕೊಂಡೆ.
ಕೊರಳಲ್ಲಿ ಅದು ತೂಗುತ್ತಿದ್ದರೆ
ಎಲ್ಲಿ ಬೇಕಾದರೂ ನಿಲ್ಲಬಹುದು,
ಏದುಸಿರು ಕೂಡ
ಹಕ್ಕಿಗಾಗಿ ಕಾದಂತೆ ಕಾಣುತ್ತದೆ.

ಹಾಗೆ ನಿಂತವನನ್ನು
ವಿದರ್‌ಬೀ ಜಲಾಶಯದ ಕಟ್ಟೆಯ ಮೇಲೆ
ಹಿಡಿದುಹಾಕಿದಳು ಮ್ಯೂರಿಯಲ್ ಗಾರ್ಸೈಡ್.
ಎಂಬತ್ತಕ್ಕೆ ಎರಡು ಕಮ್ಮಿ, ಹಸಿರು ಗಂಬೂಟು,
ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೀಟು ಹರಿದವಳು;
ಈಗ ಅದೇ ಹೆಬ್ಬೆರಳಿನಡಿ ಎಣಿಕೆಯ ಪುಟ್ಟ ಯಂತ್ರ.
ಟಿಕ್, ಒಂದು ಬಾತು. ಟಿಕ್, ಇನ್ನೊಂದು.
ಟಿಕೀಟಿಲ್ಲದ ಹಕ್ಕಿಯನ್ನು ಇಳಿಸಿಬಿಡುವವಳ ಹಾಗೆ ನೋಟ.
"ತಿಂಗಳಿಗೊಂದು ಭಾನುವಾರ. ಒಂಬತ್ತಕ್ಕೆ ಸರಿಯಾಗಿ.
ಹೊಸಬರಿಗೆ ನಾಮದ ಕೋಳಿ."

ನಾಮದ ಕೋಳಿಯೆಂದರೆ ಯಾರಿಗೂ ಬೇಡದ ಕೆಲಸ.
ಮೈಯೆಲ್ಲ ಮಸಿ, ಹಣೆಗೊಂದು ಬಿಳಿ ನಾಮ,
ಒಂದರ ಹಾಗೇ ಇನ್ನೊಂದು, ನೂರರ ಹಾಗೇ ಮುನ್ನೂರು;
ಎಣಿಸುತ್ತಿದ್ದಂತೆ ಮುಳುಗುತ್ತವೆ,
ಎದ್ದದ್ದು ಎಣಿಸಿದ್ದೋ ಎಣಿಸದ್ದೋ ದೇವರೇ ಬಲ್ಲ.
ದಾರಿ ತಪ್ಪಿ ಬಂದ ಒಂದೇ ಒಂದು ಉತ್ತರದ ಬಾತಿಗಾಗಿ
ಮೂರು ಜಿಲ್ಲೆಗಳಾಚೆಯಿಂದ ಕಾರೋಡಿಸಿ ಬಂದವರು
ಇವುಗಳ ತಲೆಯ ಮೇಲಿಂದ ಟೆಲಿಸ್ಕೋಪು ಹಾಯಿಸುತ್ತಾರೆ.
ಪಾಪ,
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅಕ್ಟೋಬರ್: ಇನ್ನೂರ ಎಪ್ಪತ್ತು.
ನವೆಂಬರ್: ಮುನ್ನೂರ ಹನ್ನೆರಡು, ಕೆಸರಿನಲ್ಲಿ ಒಂದು ಬೂಟು ನಷ್ಟ.
ಡಿಸೆಂಬರಿನಲ್ಲಿ ಟ್ರೆವರ್ ಪೆಂಡಲ್‌ಬರಿಯ ಸ್ಪ್ಯಾನಿಯಲ್ ನೀರಿಗೆ ಹಾರಿ
ನೂರ ಎಂಬತ್ತನಾಲ್ಕನೆಯದರಲ್ಲಿ ಲೆಕ್ಕ ತಪ್ಪಿತು.
ಮೊದಲಿಂದ ಮತ್ತೆ.
ಟ್ರೆವರ್ ಕ್ಷಮೆ ಕೇಳಿದ. ನಾಯಿ ಕೇಳಲಿಲ್ಲ.

ಜನವರಿಯಲ್ಲಿ ಮಂಜು.
ಕಟ್ಟೆಯ ಕಲ್ಲು ಹತ್ತು ಹೆಜ್ಜೆಗೆ ಮುಗಿದು
ಅಲ್ಲಿಂದಾಚೆ ಹಾಲೂ ಅಲ್ಲದ ಹೊಗೆಯೂ ಅಲ್ಲದ ಏನೋ.
ದೋಣಿ ಕ್ಲಬ್ಬಿನ ಕಂಬಗಳಿಗೆ ಹಗ್ಗ ಬಡಿದು ಟಣ್ ಟಣ್,
ಕಂಬಗಳಿಲ್ಲ.
ವಿಜನ್ ಬಾತುಗಳ ಸಿಳ್ಳೆ,
ಬಾತುಗಳಿಲ್ಲ.
ಮರದ ಗೂಡಂಗಡಿಯಂಥ ಅಡಗುಮನೆಯಲ್ಲಿ
ಕಿಂಡಿ ತೆರೆದು ಎರಡು ತಾಸು ಕೂತೆವು,
ಫ್ಲಾಸ್ಕಿನ ಚಹಾ ಎರಡು ಸಲ ಹಂಚಿಕೊಂಡೆವು.
ಕೊನೆಗೆ ನಾನು ಫಾರಮ್ಮು ಎಳೆದುಕೊಂಡು
ಸಾಲುಸಾಲಿಗೂ ದುಂಡಗೆ ಸೊನ್ನೆ ಬರೆದೆ.

ಮ್ಯೂರಿಯಲ್ ರಬ್ಬರು ತೆಗೆದಳು.
"ಸೊನ್ನೆಯೆಂದರೆ ಇರಲಿಲ್ಲ ಅಂತ.
ಇರಲಿಲ್ಲ ಅನ್ನುವುದನ್ನು ನೀನು ಕಂಡೆಯಾ?"
ಇಲ್ಲ ಎಂದೆ.
"ಹಾಗಾದರೆ ಗೀಟು ಎಳೆ.
ಕಾಣಲಿಲ್ಲ ಬೇರೆ, ಇರಲಿಲ್ಲ ಬೇರೆ."

ಗೀಟು ಎಳೆದೆ. ಹದಿನೇಳು ಹಕ್ಕಿ, ಹದಿನೇಳು ಗೀಟು.
ಚಳಿಗೆ ಕೈ ನಡುಗಿ ಕೆಲವು ಅಲೆಯಂತೆ.

ಹೊತ್ತು ಹೋಗದೆ ಹಳೆಯ ಕಡತ ತಿರುವಿದೆ,
ಎಲ್ಲ ಅವಳದೇ ಕೈ, ಟಿಕೀಟಿನ ಮೇಲೆ ಬರೆದಂತೆ ಪುಟ್ಟ ಅಂಕಿ.
ತೊಂಬತ್ತಾರರ ಮಾರ್ಚಿನಿಂದ ಆಗಸ್ಟಿನವರೆಗೆ
ಆರು ತಿಂಗಳು ಬರೀ ಗೀಟು.
"ಇಷ್ಟು ಮಂಜಾ, ಆಗಸ್ಟಿನಲ್ಲೂ?"
"ಮಂಜಲ್ಲ," ಎಂದಳು.
ಚಹಾದ ಮುಚ್ಚಳ ತಿರುಗಿಸಿದಳು, ಮತ್ತೆ ತಿರುಗಿಸಿದಳು.
"ಆಗ ನಾನು ಬರಲಿಲ್ಲ."

ಕಾರಿನ ಹತ್ತಿರ ಬರುವಷ್ಟರಲ್ಲಿ
ಯಾರೋ ಕಿಟಕಿ ಗಾಜು ಒರೆಸಿದಂತೆ
ನೀರಿನ ಒಂದು ಮೂಲೆ ತೆರೆಯಿತು.
ಅಲ್ಲೇ ಇದ್ದವು, ಕಪ್ಪಗೆ, ಒತ್ತೊತ್ತಾಗಿ,
ಒಂದನ್ನೊಂದು ಅಟ್ಟಾಡಿಸುತ್ತಾ, ಬೈದಾಡುತ್ತಾ,
ನಾಮ ಮಾತ್ರ ಬೆಳ್ಳಗೆ.
ನಾನು ಫಾರಮ್ಮಿಗೆ ಕೈ ಹಾಕಿದೆ.
"ಹನ್ನೆರಡಾಯಿತು. ಎಣಿಕೆ ಮುಗೀತು," ಎಂದಳು.
ಬೇಲಿಗೆ ಮೊಣಕೈ ಊರಿ ನಿಂತು
ಯಂತ್ರವಿಲ್ಲದ ಕೈಯಿಂದ ಮೂಗು ಒರೆಸಿಕೊಂಡು
ಸುಮ್ಮನೆ ನೋಡಿದಳು.

ನನ್ನ ಕೋಟಿನ ಜೇಬಿನಲ್ಲಿ ಹೆಬ್ಬೆರಳು ತಾನಾಗಿ
ಬೆರಳ ಗೆಣ್ಣು ಮುಟ್ಟುತ್ತಾ ಹೋಗುತ್ತಿತ್ತು.
ನಲವತ್ತೊಂದು.
ಅವಳಿಗೆ ಇನ್ನೂ ಹೇಳಿಲ್ಲ.