ಸಹಿ ಹಾಕುವ ಮೊದಲು

ಹೋಟಗಿ ರಸ್ತೆಯ ಶೆಡ್ಡಿನಲ್ಲಿ ಪುಷ್ಪಕ
ಅರಿವೆ ಕಳಚಿ, ಪಕ್ಕೆಲುಬು ಎಣಿಸುವಂತೆ ನಿಂತಿದೆ.
ಇಪ್ಪತ್ತೇಳು ವರ್ಷ ಪಾರಿವಾಳಗಳು ಅದರಲ್ಲಿ ಸಂಸಾರ ಮಾಡಿವೆ.
ಕಲಶೆಟ್ಟಿ ಸಾಹೇಬರದು ಒಂದೇ ಮಾತು:
‘ಅಪ್ಪ ಹಾರಸೂ ಮುಂದ ಹೆಂಗಿತ್ತೋ ಹಂಗಽ ಆಗಬೇಕು.’

ಅದೇ ಹಳದಿ, ಅದೇ ತೊಗಲಿನ ಸೀಟು,
ಅದೇ ಬರೀ ಸೊಂಟದ ಪಟ್ಟಿ.
ಭುಜಕ್ಕೂ ಪಟ್ಟಿ ಬೇಕು ಅಂತ ನಾನು.
ಅಪ್ಪ ಕಟ್ಟಿಕೊಂಡಿರಲಿಲ್ಲ ಅಂತ ಅವರು.
ಗೋಡೆಯ ಫೋಟೋದಲ್ಲಿ ಅಪ್ಪನ ಹಣೆಗೆ ಉದ್ದನೆಯ ಹೊಲಿಗೆ.
ಇಬ್ಬರೂ ಅತ್ತ ನೋಡಲಿಲ್ಲ.

ರೆಕ್ಕೆಗೆ ಹೊದಿಕೆ ಹೊಲಿಯಲು ನೀಲವ್ವ ಬಂದಳು,
ಚಾದರಿನ ಅಂಚು ಮಡಚಿ ಮಡಚಿ ಬೆರಳು ಸೊಟ್ಟಗಾದವಳು.
ಕಂಕುಳಲ್ಲಿ ತನ್ನ ಮಗ್ಗದ್ದೇ ಒಂದು ಥಾನು ಹತ್ತಿ.
‘ಆಗಿನ ಕಾಲದಾಗ ಹತ್ತೀನಽ ಹೊಚ್ಚತಿದ್ರಲ್ರಿ?’
ಹೌದು. ಆದರೆ ಇದಕ್ಕೆ ಕಾಗದ ಇಲ್ಲ ಅಂದೆ:
ಎಷ್ಟು ಎಳೆದರೆ ಹರಿಯುತ್ತದೆ, ಯಾರು ಎಳೆದು ನೋಡಿದರು.
ನಕ್ಕಳು. ‘ಹೆಣಕ್ಕ ಹೊಚ್ಚೂ ಅರಿವಿಗೆ ಯಾರರೆ ಕಾಗದ ಕೇಳ್ತಾರೇನ್ರಿ?’
‘ಅದಽ ನೀಲವ್ವ. ಹೆಣಕ್ಕ ಕೇಳೂದಿಲ್ಲ.’
ಶಿಕ್ಕಾ ಹೊತ್ತು ಪಾಲಿಯೆಸ್ಟರ್ ಬಂತು.
ಮುಟ್ಟಿ ನೋಡಿ ಮೂಗು ಮುರಿದಳು.

ಹೊದಿಸುವ ಹಿಂದಿನ ರಾತ್ರಿ ಎಡ ರೆಕ್ಕೆಯೊಳಗೆ ಟಾರ್ಚು ಬಿಟ್ಟೆ.
ಮರದ ತೊಲೆಯ ಮೇಲೆ ಪೆನ್ಸಿಲ್ಲಿನಲ್ಲಿ
‘ದುಂಡಪ್ಪ ಬಡಿಗೇರ, ಶ್ರಾವಣ, ೧೯೬೪.’
ನಿನ್ನೆ ಬರೆದಷ್ಟು ಕಪ್ಪು.
ಹೆಸರಿನ ‘ಪ್ಪ’ದ ಒತ್ತಿನಿಂದಲೇ ಹೊರಟು
ಕೂದಲೆಳೆಯಷ್ಟು ಬಿರುಕು
ಕತ್ತಲೆಯೊಳಗೆ ಹೋಗಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ.
ಸೂಜಿ ಬಂದಿಲ್ಲ ಎಂದು ನೀಲವ್ವನನ್ನು ವಾಪಸು ಕಳಿಸಿದೆ.
ತೊಲೆಯೂ ಹೋದರೆ ಹಳೆಯದೆಂದು ಉಳಿಯುವುದೇನು?
ಅಂಗೈಯಗಲದ ತಗಡು, ಅದರ ಮೇಲೊಂದು ನಂಬರು.
ಕಾಯಿದೆಗೆ ಅಷ್ಟು ಸಾಕು, ತಗಡಿದ್ದರೆ ವಿಮಾನ ಅದೇ.
ನನಗೆ ಸಾಕಾಗಲಿಲ್ಲ.
ಬಿರುಕಿಗೆ ಇದಾವುದೂ ಗೊತ್ತಿರಲಿಲ್ಲ.

ಮೂರನೆಯ ದಿನ ಗರಗಸ ಹಿಡಿದೆ.
ಹೆಸರಿದ್ದ ತುಂಡನ್ನು ಸಾಹೇಬರು ನೆಲದಿಂದ ಎತ್ತಿ
ಅಂಗಿಯ ತೋಳಿನಿಂದ ಒರೆಸಿದರು.
‘ಇದನ್ನ ಸೀಟಿನ ಹಿಂದ ಕಟ್ಟರಿ.’
ನಾನೂರ ಅರವತ್ತು ಗ್ರಾಂ.
ತೂಕದ ಪಟ್ಟಿಯಲ್ಲಿ ಬರೆಯಬೇಕಾಗುತ್ತದೆ ಅಂದೆ.
‘ಬರೀರಿ ಮತ್ತ.’

ಈಗ ಪೆನ್ನು ಹಿಡಿದು ಕೂತಿದ್ದೇನೆ.
ದುಂಡಪ್ಪ ಬಡಿಗೇರ ಸಾಮಾನಲ್ಲ, ಪ್ರಯಾಣಿಕನಲ್ಲ,
ಯಂತ್ರದ ಭಾಗವಂತೂ ಇನ್ನು ಮೇಲೆ ಅಲ್ಲ.
ಅತ್ತ ಸೀಟಿನಲ್ಲಿ ಸಾಹೇಬರು,
ಮುಖ ಇನ್ನೂ ಒಪ್ಪಿಲ್ಲ,
ಯಾರೂ ನೋಡುತ್ತಿಲ್ಲವೆಂದುಕೊಂಡು
ಹೊಸ ಭುಜಪಟ್ಟಿಯನ್ನು ಹಾಕಿ, ಬಿಚ್ಚಿ, ಹಾಕಿ ನೋಡುತ್ತಿದ್ದಾರೆ.
ಖಟಕ್.
ಖಟಕ್.