ಹಿಂಬದಿಯ ಬಾಕಿ

ಗ್ರಂಥಾಲಯದ ಹರಕು ಪುಸ್ತಕಗಳು ಗೋಣಿಚೀಲದಲ್ಲಿ ಬರುತ್ತವೆ
ಸಂತೇಪೇಟೆಯ ಓಣಿಗೆ, ನನ್ನ ಮೈದಾ ಅಂಟಿನ ವಾಸನೆಗೆ.
ಬೆನ್ನು ಬಿಚ್ಚಿ, ಹಳೇ ದಾರ ಕಿತ್ತು, ಹಾಳೆ ಕೊಡವಿದರೆ
ಒಣಗಿದ ಸಂಪಿಗೆ, ಒಂದು ಹೇರ್‌ಪಿನ್ನು, ಹಲ್ಲುಕಡ್ಡಿ,
ಮತ್ತೆ ಬಸ್ ಟಿಕೆಟ್ಟು. ಬಸ್ ಟಿಕೆಟ್ಟು ಯಾವಾಗಲೂ.

ಮೊದಮೊದಲು ಗುಡಿಸಿ ಹಾಕುತ್ತಿದ್ದೆ.
ಒಂದು ದಿನ ಪತ್ತೇದಾರಿ ಕಾದಂಬರಿಯ ನೂರ ಹದಿನೆಂಟನೇ ಪುಟದಲ್ಲಿ
ಗುಲಾಬಿ ಚೀಟಿ, ಹನ್ನೊಂದನೇ ಸ್ಟೇಜಿಗೆ ತೂತು.
ಓದುತ್ತಿದ್ದವರು ಅಲ್ಲೇ ಇಳಿದುಹೋಗಿದ್ದಾರೆ
ಕೊಂದದ್ದು ಯಾರೆಂದು ತಿಳಿಯದೆ.
ಅವತ್ತಿನಿಂದ ಎತ್ತಿಡುತ್ತೇನೆ.

ಈಗ ಮೂರು ಲೆಡ್ಜರ್ ತುಂಬಿವೆ. ಅಂಟಿಸುವುದಿಲ್ಲ,
ಅಂಟೆಂದರೆ ಜಿರಲೆಗೆ ಊಟ;
ಹಾಳೆಗೆ ನಾಲ್ಕು ಸೀಳು ಕೊಟ್ಟು ಮೂಲೆ ಸಿಕ್ಕಿಸುತ್ತೇನೆ.
ಅರ್ಧ ಟಿಕೆಟ್ಟು: ‘ಹುಡುಗನಿಗೆ ಎಷ್ಟು ವರ್ಷ?’ ಎಂದಾಗ
ತಾಯಿ ಹೇಳಿದ ಸುಳ್ಳು ಇದರಲ್ಲಿದೆ.
ಲಗೇಜಿನದು: ಮೇಲೆ ಪೆನ್ನಿನಲ್ಲಿ ‘ಕೋಳಿ ಎರಡು’.
ಬಳೆಯೊಳಗೆ ಸಿಕ್ಕಿಸಿ ಸುರುಳಿಯಾದದ್ದು, ಇವತ್ತಿಗೂ ನೆಟ್ಟಗಾಗಲೊಲ್ಲದು.
ವಾಚಿನ ಪಟ್ಟಿಯಡಿ ಬೆವರು ಕುಡಿದದ್ದು. ಮಗು ಅಗಿದದ್ದು.
ಹೊತ್ತು ಹೋಗದವರು ಯಾರೋ ನಂಬರು ಕೂಡಿ ಕೂಡಿ
ಕೊನೆಗೆ ಒಂಬತ್ತು ಬರಿಸಿ ಸುತ್ತು ಹಾಕಿದ್ದು.

ಆದರೆ ನನಗೆ ಬೇಕಾದ್ದು ಹಿಂಬದಿ.
ಅಲ್ಲಿ ಕಂಡಕ್ಟರ್ ತನ್ನ ಸಾಲ ಬರೆದಿರುತ್ತಾನೆ:
ಮೂರು ರೂಪಾಯಿ, ಒಂದೂವರೆ, ಎಪ್ಪತ್ತೈದು ಪೈಸೆ.
‘ಚಿಲ್ಲರೆ ಇಳಿಯುವಾಗ ಇಸ್ಕೊಳಿ.’
ಇಸಕೊಂಡಿದ್ದರೆ ಅಡ್ಡಗೀಟು ಇರುತ್ತದೆ.
ಗೀಟಿಲ್ಲದವು ನನ್ನ ಬಳಿ ಅರವತ್ತೆರಡು.

ಬನ್ನಿಮಂಟಪ ಡಿಪೋದಲ್ಲಿ ಮೂವತ್ತೊಂದು ವರ್ಷ ತೆಗೆದ ದೊಡ್ಡಮಾದಯ್ಯ
ಮೊಮ್ಮಗಳ ಅಟ್ಲಾಸು ಹೊಲಿಸಲು ಬಂದರು.
ಹನ್ನೊಂದನೇ ಸ್ಟೇಜು ಅಂದರೆ ಯಾವೂರು, ಕೇಳಿದೆ.
‘ಹುಣಸೂರು ದಾರಿಯಾದರೆ ಒಂದು, ನರಸೀಪುರದ್ದಾದರೆ ಇನ್ನೊಂದು.
ರೂಟು ಗೊತ್ತಿಲ್ಲದೆ ಊರು ಹೇಳು ಅಂದ್ರೆ ನಾನೇನು ಕಣಿಯೋನಾ?’
ಕನ್ನಡಕ ಹಣೆಗೇರಿಸಿ ಲೆಡ್ಜರ್ ತಿರುವತೊಡಗಿದರು;
ಬಲ ಹೆಬ್ಬೆರಳು ತಾನೇ ತಾನಾಗಿ
ಗಾಳಿಗೆ ತೂತು ಹೊಡೆಯುತ್ತಿತ್ತು.
ಒಂದರ ಹತ್ತಿರ ಕೈ ನಿಂತಿತು.
ಎಪ್ಪತ್ತೈದು ಪೈಸೆ, ಸುತ್ತ ಮೊಟ್ಟೆಯಂಥ ಗೆರೆ.
‘ನಿಮ್ಮ ಅಕ್ಷರವಾ?’
‘ಯಾರಪ್ಪ ಹೇಳಿದ್ದು? ನಾನು ಏಳು ಬರೆದರೆ ನಡುವಿಗೊಂದು
ಉಡಿದಾರ ಕಟ್ತಿದ್ದೆ. ಇದಕ್ಕೆಲ್ಲಿದೆ?
ಯಾರ ಕಾಸೂ ತಿಂದೋನಲ್ಲ ನಾನು.’

ಹೋಗುವಾಗ ರಸೀದಿಯ ಹಿಂದೆ ಫೋನ್ ನಂಬರು ಬರೆದುಕೊಟ್ಟರು.
ಅದರಲ್ಲಿ ಎರಡು ಏಳಿದ್ದವು.
ಎರಡಕ್ಕೂ ಉಡಿದಾರ ಇರಲಿಲ್ಲ.

ಶನಿವಾರ ಅಟ್ಲಾಸು ಒಯ್ಯಲು ಮೊಮ್ಮಗಳು ಬಂದಳು.
ಮಡಿಸಿದ ಪೇಪರಿನ ಪೊಟ್ಟಣವೊಂದನ್ನು ಕೈಗಿಟ್ಟಳು:
ಐವತ್ತರದೊಂದು, ಇಪ್ಪತ್ತೈದರದೊಂದು, ಘೇಂಡಾಮೃಗದ್ದು.
‘ತಾತ ಕೊಡು ಅಂದ್ರು. ಯಾರಿಗೆ ಅಂತ ಹೇಳ್ಲಿಲ್ಲ.’
ಯಾರಿಗೆ ಅಂತ ನನಗೂ ಗೊತ್ತಿಲ್ಲ ಮಗು.
ಪೆನ್ಸಿಲ್ ತೆಗೆದುಕೊಂಡೆ, ಅಡ್ಡಗೀಟು ಹಾಕೋಣವೆಂದು.
ಹಾಕಲಿಲ್ಲ. ಬಾಕಿ ನನ್ನದಲ್ಲ.

ಮನೆಯಲ್ಲಿ ಪುಟ್ಟಗೌರಿ
ಪಾಂಡವಪುರದ ತಂಗಿಯ ಮನೆಗೆ ಹೋಗಿಬಂದ ಮಂಗಳವಾರಗಳಲ್ಲಿ
ಪರ್ಸಿನಿಂದ ಸೊನ್ನೆ ರೂಪಾಯಿಯ ಟಿಕೆಟ್ಟು ತೆಗೆದು ನೀಡುತ್ತಾಳೆ:
‘ತಗೊಳಿ, ನಿಮ್ಮ ಆಸ್ತಿ.’
ಯಂತ್ರದ ಅಚ್ಚು. ಬೇಸಿಗೆ ದಾಟುವುದರೊಳಗೆ
ಊರು ಅಳಿಸಿ, ತಾರೀಖು ಅಳಿಸಿ, ಸೊನ್ನೆಯೂ ಅಳಿಸಿ
ಬಿಳೀ ಚೀಟಿ ಉಳಿಯುತ್ತದೆ. ಒಂದಿಡೀ ಪುಟ ಹಾಗೆ ಬೆಳ್ಳಗಾಗಿದೆ.
ಅದಕ್ಕೇ ಈಗ ತಂದ ದಿನವೇ ಕೇಳಿ ಕೇಳಿ
ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಡುತ್ತೇನೆ:
ಪಾಂಡವಪುರ. ಕಿಟಕಿ ಪಕ್ಕ ಸೀಟು ಸಿಕ್ಕಿತಂತೆ.
ತಂಗಿಗೆ ಮಂಡಿನೋವು.
ಬೆಲ್ಲ, ಎರಡು ಅಚ್ಚು.