ಪ್ಲಾಟು ನಂಬರ್ ಮೂರು

ಅಕೇಶಿಯ ಕಡಿದ ಮೇಲೆ ಉಳಿದದ್ದು ಎರಡೆಕರೆ ಬೋಳು,
ಬೊಡ್ಡೆಗಳು, ಮತ್ತೆ ಕುಡುಗೋಲಿನಂಥ ಒಣಗೆಲೆ.
ಇಪ್ಪತ್ತು ವರ್ಷದ್ದು. ಕೊಳೆತಿಲ್ಲ.
ಹೆಜ್ಜೆಯಿಟ್ಟರೆ ಹಪ್ಪಳ.
ಗುದ್ದಲಿ ಹಾಕಿದೆ, ಒಂದು ಎರೆಹುಳ ಏಳಲಿಲ್ಲ.
ಹಿಡಿ ಮಣ್ಣು ಮೂಸಿದೆ, ಏನೂ ಇಲ್ಲ.
ಸತ್ತದ್ದಾದರೂ ನಾತ ಬರಬೇಕಲ್ಲ.

ಪುರದಾಳಿನಿಂದ ಮೂರು ಮೈಲಿ ಒಳಗೆ,
ಜೀಪು ನಿಲ್ಲುವಲ್ಲಿಂದ ಮತ್ತೆ ಅರ್ಧ ತಾಸು ಕಾಲ್ದಾರಿ.
ಫಾರೆಸ್ಟರ್ ನಿಂಗನಗೌಡರು ಬಯಲುಸೀಮೆಯವರು,
ಬಿತ್ತನೆ ಬಲ್ಲವರು, ಕಾಡನ್ನು ಈಗ ಕಲಿಯುತ್ತಿರುವವರು.
"ಹುರಳಿ ಹಾಕೂಣು ಗುತ್ಯಮ್ಮ, ಹುಲ್ಲು ಹಚ್ಚೂಣು.
ಇಲ್ಲೇ ಮೇಯಾಕ ಸಿಕ್ರ ಜಿಂಕಿ
ಊರ ಗದ್ದಿಗೆ ಯಾಕ ಹೊಕ್ಕಾವು?"
ನನ್ನ ಕೈಗೊಂದು ರಿಜಿಸ್ಟರು, ದಾರ ಕಟ್ಟಿದ ಪೆನ್ನು.
ದಿನಾ ಬೆಳಿಗ್ಗೆ ಬರೆಯಬೇಕು: ಬಂದಿವೆ, ಬಂದಿಲ್ಲ.

ಮೊದಲ ಮುಂಗಾರಿಗೆ ಸೆಣಬು.
ಮಿರಗದ ಮಳೆಯಲ್ಲೇ ಬಿತ್ತಿದ್ದು, ಹೆಸರಿಗೆ ಒಪ್ಪುವ ಹಾಗೆ:
ಮೋಡದಾಚೆ ಎಲ್ಲೋ ಒಂದು ಜಿಂಕೆಯ ತಲೆ,
ಕೆಳಗೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ನಾವು ನಾಲ್ಕು ಜನ.
ಎದೆಮಟ್ಟ ಬೆಳೆಯಿತು, ಹಳದಿ ಹೂ ಬಿಟ್ಟಿತು,
ಚೆಂದ ಕಂಡ ವಾರವೇ ಕೊಯ್ದು ಮಣ್ಣಿಗೆ ತುಳಿದೆವು.
ದುಗ್ಗಿ ಗೊಣಗಿದಳು: "ತಿಂಬಕೂ ಅಲ್ಲ, ಮಾರಕೂ ಅಲ್ಲ,
ಕೊಳಸಕೆ ಅಂತ ಬೆಳಿಯದು ಸರ್ಕಾರದವ್ರೇ ಸೈ."
ಬಂದಿಲ್ಲ. ಬಂದಿಲ್ಲ. ಬಂದಿಲ್ಲ.
ಮೊಲದ ಹಿಕ್ಕೆ ಏಳು. ಮೊಲಕ್ಕೆ ಕಾಲಮ್ಮಿಲ್ಲ.

ನನ್ನಪ್ಪನೂ ಕರೆಯುತ್ತಿದ್ದ,
ಬಿತ್ತಿ ಅಲ್ಲ, ಉಪ್ಪು ಇಟ್ಟು.
ಹುತ್ತದ ಮಣ್ಣಿಗೆ ಉಪ್ಪು ಕಲಸಿ ಹಡ್ಲಿನ ಅಂಚಿಗೆ ಮೆತ್ತಿ
ಮತ್ತಿಮರದ ಅಟ್ಟಣೆಯ ಮೇಲೆ
ಮೂರು ರಾತ್ರಿ ಬೀಡಿ ಹಚ್ಚದೆ ಕೂರುತ್ತಿದ್ದ.
ನಾಲ್ಕನೇ ರಾತ್ರಿ, ನೆಕ್ಕುವ ಸದ್ದು.
ಆಮೇಲೆ ಇನ್ನೊಂದು ಸದ್ದು.
ಕೇರಿಗೆಲ್ಲ ಪಾಲು ಹಂಚಿದರೂ
ಈಲಿಯ ತುಂಡು ನನಗೇ.
ರುಚಿಯಿತ್ತು. ಸುಳ್ಳು ಯಾಕೆ ಹೇಳಲಿ.

ಎರಡನೇ ವರ್ಷ ಹಸ್ತೆಯಲ್ಲಿ ಹುರುಳಿ, ಅಲಸಂದೆ,
ಸುತ್ತಲೂ ಹಡ್ಲಿನಿಂದ ಕಿತ್ತು ತಂದ ಕರಡದ ಬುಡ.
ತಿಂಗಳು ಕಳೆದ ಮೇಲೆ ಒಂದು ಗಿಡ ಎಬ್ಬಿಸಿ
ಹಳ್ಳದಲ್ಲಿ ಬೇರು ತೊಳೆದೆ.
ರಾಗಿಕಾಳಿನಷ್ಟು ಗಂಟುಗಳು.
ಉಗುರಲ್ಲಿ ಒಡೆದರೆ ಒಳಗೆ ನಸುಗೆಂಪು,
ಹಲ್ಲು ಮೂಡದ ಕೂಸಿನ ವಸಡು.
ಗೌಡರು ಅಂಗೈಲಿಟ್ಟುಕೊಂಡು
ಅಕ್ಕಸಾಲಿಯ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು.
"ಕೆಂಪ ಐತಿ. ಅಂದ್ರ ಜೀವ ಐತಿ."
ಮಣ್ಣು ಮೂಸಿದೆ.
ಅಣಬೆ ಏಳುವ ಮೊದಲಿನ ನಾತ.

ಕಾರ್ತಿಕದ ಒಂದು ಬೆಳಿಗ್ಗೆ, ಮಂಜು ಸೊಂಟದಷ್ಟು.
ಮೊದಲು ಬೆನ್ನುಗಳು ಕಂಡವು, ಕಾಲಿಲ್ಲದೆ ತೇಲುವ ಚುಕ್ಕೆ.
ಎಣಿಸಿದೆ. ಹನ್ನೊಂದು.
ಕುಡಿ ಮಾತ್ರ ಚಿವುಟುತ್ತಿದ್ದವು,
ಸೊಪ್ಪು ಆಯುವ ಹೆಂಗಸರಂತೆ ಮಾತಿಲ್ಲದೆ, ಸರಸರ.
ಒಂದು ಹೆಣ್ಣು ಇತ್ತ ತಿರುಗಿತು,
ಅದರ ಹಿಂಗಾಲಿಗೆ ಹಳೆಯ ಉರುಳಿನ ಗಾಯ, ಬಳೆಯಂತೆ.
ನಾನು ಉಸಿರು ಹಿಡಿದೆ. ಆದರೆ ಕಣ್ಣು?
ಕಣ್ಣು ತಾನಾಗಿ ಗಾಳಿ ಎತ್ತಣದು ಎಂದು ನೋಡಿತು,
ಅಟ್ಟಣೆ ಕಟ್ಟಲು ಕವಲಿರುವ ಮರ ಹುಡುಕಿತು.
ಸಿಕ್ಕಿತು ಕೂಡ.
ಅಪ್ಪ ಕಲಿಸಿದ್ದು ಅಕೇಶಿಯದ ಎಲೆ,
ಎಷ್ಟು ಮಳೆ ಬಿದ್ದರೂ ಕೊಳೆಯುವುದಿಲ್ಲ.

ಬೇಕೆಂದೇ ಕೆಮ್ಮಿದೆ.
ಹನ್ನೊಂದೂ ಒಟ್ಟಿಗೆ ಮಂಜಿನೊಳಗೆ.
ಉಣ್ಣಲು ಕರೆದವರ ಮನೆಯಲ್ಲೂ
ಕಿವಿ ನೆಟ್ಟಗಿರಲಿ, ತಾಯಿ.

ಪೆನ್ನು ಥಂಡಿಗೆ ಹಿಡಿದುಕೊಂಡಿತ್ತು,
ಅಂಗೈಗೆ ಉಜ್ಜಿ ಬರೆದೆ: ಬಂದಿವೆ.
ಗುದ್ದಲಿಯ ತುದಿಯಿಂದ ಅವುಗಳ ಹಿಕ್ಕೆಯನ್ನು
ಹುರುಳಿಯ ಬುಡಕ್ಕೆ ಎಳೆದು ಮುಚ್ಚಿದೆ.
ಒಂದೆರಡು ಕೈಗೆ ತಾಗಿದವು.
ಇನ್ನೂ ಬಿಸಿಯಿದ್ದವು.